ಉಪ್ಪಿನ ಗ್ರಹಕ್ಕೆ ಹೂವಿನ ಪ್ರಸಾದ

ಕುಡಿಯುವ ಗಂಡನನ್ನು ಕಟ್ಟಿಕೊಂಡವಳಿಗೆ ಕಷ್ಟ ಹೇಳಿಕೊಳ್ಳಲು ಕೇರಿಯಲ್ಲಿ ನಾಲ್ಕು ಕಿವಿ ಸಿಗುತ್ತವೆ. ಇಸ್ಪೀಟಾಡುವ ಗಂಡನಾದರೆ ಇನ್ನೂ ಎರಡು ಹೆಚ್ಚು. ನನ್ನ ಗಂಡನಿಗೆ ಇವೆರಡೂ ಇಲ್ಲ. ಅದು ದೇವಿಯ ದಯೆ, ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ. ಆದರೆ ಅವರಿಗಿರುವ ಚಟವನ್ನು ಬಾಯಿಬಿಟ್ಟು ಹೇಳಿದರೆ ಕೇಳಿದವರು ನನ್ನನ್ನೇ ಒಂದು ನಮೂನೆ ನೋಡುತ್ತಾರೆ. ಒಮ್ಮೆ ಬಾವಿಕಟ್ಟೆಯ ಹತ್ತಿರ ಪಕ್ಕದ ಮನೆಯವಳಿಗೆ, "ನಮ್ಮವರು ಭಾನುವಾರ ಪೂರ್ತಿ ಆಕಾಶದ ಹಡಗಿನ ವಿಷಯದಲ್ಲಿ ಜಗಳ ಮಾಡ್ತಾರೆ" ಎಂದೆ. ಅವಳು ಕೊಡಪಾನ ಕೆಳಗಿಟ್ಟು, "ಯಾರ ಸಂಗ್ತಿಗೆ?" ಎಂದಳು. "ಸ್ನೇಹಿತರ ಸಂಗ್ತಿಗೆ" ಎಂದೆ. "ಹಡಗು ಯಾರದು?" ಎಂದಳು. ಯಾರದೂ ಅಲ್ಲ, ಇನ್ನೂ ಹುಟ್ಟದವರದು ಎಂದು ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ಈ ಕಷ್ಟವನ್ನು ಒಬ್ಬಳೇ ನುಂಗಿಕೊಂಡಿದ್ದೇನೆ. ಈಗ ಬರೆದು ಹಗುರಾಗೋಣ ಎಂದು ಕೂತಿದ್ದೇನೆ.

ನಮ್ಮವರಿಗೆ ಕುಮಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ. ಅವರ ಸ್ನೇಹಿತ ಮಾಧವಣ್ಣ ಹೊನ್ನಾವರದವರು, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷದ ಹಿಂದೆ ಶಾಲೆಯ ಕೆಟ್ಟ ರೇಡಿಯೋ ಹಿಡಿದುಕೊಂಡು ಅಂಗಡಿಗೆ ಬಂದವರು. ರಿಪೇರಿಯಾಗುವ ತನಕ ಕೂತರು. ಮಾತಿಗೆ ಮಾತು ಬೆಳೆದು, ಇಬ್ಬರಿಗೂ ಒಂದೇ ಹುಚ್ಚು ಎಂದು ಗೊತ್ತಾಯಿತು. ಆಮೇಲೆ ಆ ಹುಚ್ಚಿನಲ್ಲೂ ಎರಡು ಪಂಗಡ ಎಂದು ಗೊತ್ತಾಯಿತು. ಜಗಳ ಅಲ್ಲಿಂದ ಶುರು. ಭಾನುವಾರ ಹನ್ನೊಂದರ ಬಸ್ಸಿಗೆ ಮಾಧವಣ್ಣ ಬರುವುದು, ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರುವುದು, ನಾನು ಬಾಳೆಹಣ್ಣಿನ ಬನ್ಸ್ ಕರಿಯುವುದು, ಅವರು ಜಗಳ ಮಾಡುವುದು. ಪಂಚಾಂಗ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

ನಮ್ಮವರು ಹಡಗಿನ ಕಡೆಯವರು. ಅದು ಇಂಗ್ಲಿಷ್ ಸಿನಿಮಾ. ಒಂದಲ್ಲ ಎರಡಲ್ಲ, ಒಂಬತ್ತು. ಸಾಲದ್ದಕ್ಕೆ ಧಾರಾವಾಹಿ ಬೇರೆ. ಒಬ್ಬ ಕಪ್ತಾನ, ಅವನ ಹಡಗು ಸೂರ್ಯನಿಂದ ಸೂರ್ಯನಿಗೆ ಹಾರುತ್ತದೆ. ಪ್ರತಿ ಸಿನಿಮಾದ ಕೊನೆಗೂ ಸುಡುತ್ತದೆ, ಮುಂದಿನ ಸಿನಿಮಾಕ್ಕೆ ಹೊಸ ಬಣ್ಣ ಹೊಡೆದುಕೊಂಡು ಬರುತ್ತದೆ. ಮಾಧವಣ್ಣ ಪುಸ್ತಕದ ಕಡೆಯವರು. ಅವರದು ಒಂದು ಗ್ರಹ. ಅಲ್ಲಿ ಉಪ್ಪು ಬಿಟ್ಟರೆ ಬೇರೆ ಏನೂ ಇಲ್ಲ. ಮೊದಲ ಸಂಪುಟದಲ್ಲಿ ಅಲ್ಲಿಯ ಒಂದು ಮನೆಯ ದೊಡ್ಡ ಮಗಳು ಸಿಹಿನೀರು ತರುತ್ತೇನೆಂದು ಗ್ರಹದ ಆಚೆ ಬದಿಗೆ ಹೋಗುತ್ತಾಳೆ. ಮುಂದಿನ ಸಂಪುಟಗಳಲ್ಲೆಲ್ಲ ಮನೆಯವರು ಅವಳ ದಾರಿ ಕಾಯುತ್ತಾರೆ. ಉಪ್ಪು ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲೇ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋದರೆ ಸಾಲದೇ ಎಂದು ನಾನೊಮ್ಮೆ ಕೇಳಿದ್ದೆ. ಇಬ್ಬರೂ ನಕ್ಕು ಬನ್ಸ್ ತಿಂದರು, ಉತ್ತರ ಕೊಡಲಿಲ್ಲ. ಹಾಗೆಯೇ, ಒಂಬತ್ತು ಸಿನಿಮಾದಲ್ಲಿ ಆ ಹಡಗಿನವರಿಗೆ ಅಡಿಗೆ ಮಾಡುವವರು ಯಾರು ಎಂದೂ ಕೇಳಿದ್ದೆ. ಅದಕ್ಕೂ ಉತ್ತರ ಬಂದಿಲ್ಲ.

"ಗಾಳಿಯೇ ಇಲ್ಲದ ಜಾಗದಲ್ಲಿ ನಿನ್ನ ಹಡಗು ಢಮಾರ್ ಅಂತದಲ್ಲ, ಆ ಶಬ್ದ ಹೇಗೆ ಕೇಳ್ತು ಮಾರಾಯಾ? ಎಂಟನೇ ಕ್ಲಾಸಿನ ಹುಡುಗ್ರಿಗೂ ಗೊತ್ತಿದ್ದ ವಿಷಯ" ಎನ್ನುತ್ತಿದ್ದರು ಮಾಧವಣ್ಣ.

"ಶಬ್ದ ಇಲ್ಲದಿದ್ರೆ ಟಿಕೆಟ್ ಯಾರು ತೆಗೀತಾರೋ? ನಿನ್ನ ಉಪ್ಪಿನ ಗ್ರಹದಲ್ಲಿ ಮುನ್ನೂರು ಪುಟಕ್ಕೆ ಒಂದು ಹನಿ ನೀರು. ಓದಿದವನಿಗೂ ಬಾಯಾರಿಕೆ" ಎನ್ನುತ್ತಿದ್ದರು ನಮ್ಮವರು.

ಹೀಗೆ ಮೂವತ್ತು ವರ್ಷ. ನನಗೆ ಅದರ ತಲೆಬುಡ ತಿಳಿಯದಿದ್ದರೂ ಒಳಗೆ ಕಾಯಿ ತುರಿಯುತ್ತ ಆ ಸದ್ದು ಕೇಳುವುದು ಅಭ್ಯಾಸವಾಗಿತ್ತು. ಮನೆಯಲ್ಲಿ ಜಾಗಟೆ ಬಾರಿಸಿದ ಹಾಗೆ ಒಂದು ಕಳೆ.

ಅದು ನಿಂತದ್ದು ಹೋದ ವರ್ಷ, ಗಣೇಶ ಚೌತಿ ಕಳೆದ ಮೇಲೆ. ಇಬ್ಬರೂ ಒಂದು ಕರಾರು ಮಾಡಿಕೊಂಡಿದ್ದರು. ಇಷ್ಟು ವರ್ಷ ಒಬ್ಬರದನ್ನು ಒಬ್ಬರು ನೋಡದೆಯೇ ಬೈದದ್ದಾಯಿತು, ಇನ್ನು ನೋಡಿ ಬೈಯಬೇಕು ಎಂದು. ನಮ್ಮವರು ಆ ಮಳೆಗಾಲ ಪೂರ್ತಿ ಮೊದಲ ಸಂಪುಟವನ್ನು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ಆರು ನೂರು ಪುಟ ಓದಿ ಮುಗಿಸಿದರು. ಓದಿ ಮುಗಿಸಿದ ದಿನ ಉಪವಾಸ ಮುಗಿದವರ ಮುಖ. ಪ್ರತಿಯಾಗಿ ಮಾಧವಣ್ಣ ಒಂಬತ್ತು ಸಿನಿಮಾ ನೋಡಬೇಕಿತ್ತು. ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದರು. ಮುಂದಿನ ಭಾನುವಾರ ಮಾಧವಣ್ಣ ಬಂದು, ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು, "ನಾಲ್ಕು ನಿಮಿಷ ನೋಡಿದೆ. ಬಂದ್ ಮಾಡಿದೆ. ನೋಡೂಕೆ ಯೋಗ್ಯ ಅಲ್ಲ" ಎಂದುಬಿಟ್ಟರು.

ನಮ್ಮವರು ಮೊದಲು ನಕ್ಕರು. ತಮಾಷೆಯಲ್ಲ ಎಂದು ತಿಳಿದ ಮೇಲೆ ನಗು ಇಳಿಯಿತು. "ಆರು ನೂರು ಪುಟ ಓದಿದೆನಲ್ಲೋ ನಾನು. ನಿನ್ನ ಮೋರೆ ನೋಡಿ ಓದಿದೆ. ನಿಂಗೆ ನಾಲ್ಕು ನಿಮಿಷ ಹೆಚ್ಚಾತು?" ಎಂದರು. ಮಾಧವಣ್ಣ ಎದ್ದುಹೋದರು. ಬನ್ಸ್ ಇನ್ನೂ ಎಣ್ಣೆಯಲ್ಲಿತ್ತು.

ಮುಂದಿನ ಭಾನುವಾರ ಬಸ್ಸು ಬಂತು, ಮಾಧವಣ್ಣ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು. ನಮ್ಮವರು ಭಾನುವಾರವೂ ಅಂಗಡಿ ತೆರೆಯಲು ಶುರುಮಾಡಿದರು. ಯಾರೂ ಬಾರದ ಅಂಗಡಿಯಲ್ಲಿ ಕೂತು ಬರುತ್ತಿದ್ದರು. ಊಟಕ್ಕೆ ಕರೆದರೆ "ಹ್ಞಾಂ" ಎನ್ನುವುದು, ಉಪ್ಪು ಹೆಚ್ಚಾಯಿತೇ ಎಂದರೆ ಅದಕ್ಕೂ "ಹ್ಞಾಂ". ಜಗಲಿಯ ಕುರ್ಚಿಯನ್ನು ನಾನು ದಿನಾ ಒರೆಸುತ್ತಿದ್ದೆ. ಒರೆಸುವಷ್ಟು ಧೂಳು ಇತ್ತಲ್ಲ, ಅದೇ ಬೇಜಾರು. ಫೋನು ಮಾಡಿ ಎಂದರೆ, "ಮೊದಲು ಹೋದವನು ಅವನು. ಮೊದಲು ಬರಬೇಕಾದವನೂ ಅವನೇ" ಎನ್ನುತ್ತಿದ್ದರು. ಅರವತ್ತು ದಾಟಿದ ಗಂಡಸು, ಕಿವಿ ಮೇಲಿನ ಕೂದಲೆಲ್ಲ ಬಿಳಿ.

ಮನುಷ್ಯರ ಕೈಯಲ್ಲಿ ಆಗದ ಮೇಲೆ ನಾನು ದೇವಿಯ ಹತ್ತಿರ ಹೋದೆ. ನಮ್ಮ ಕಡೆ ಪ್ರಸಾದ ಕೇಳುವ ಪದ್ಧತಿ ಗೊತ್ತಲ್ಲ. ಭಟ್ಟರು ದೇವಿಯ ಎಡಬಲ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ, ನಮ್ಮ ಪ್ರಶ್ನೆಯನ್ನು ಗಟ್ಟಿಯಾಗಿ ಅವಳಿಗೆ ಒಪ್ಪಿಸುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಹೆಣ್ಣು ಕೊಡುವುದು, ಬಾವಿ ತೋಡುವುದು, ಕಳೆದ ಎಮ್ಮೆ ಹುಡುಕುವುದು, ಎಲ್ಲಕ್ಕೂ ಕೇಳುತ್ತಾರೆ. ಆಕಾಶದ ಹಡಗಿನ ಜಗಳಕ್ಕೆ ಕೇಳಿದವಳು ನಾನೇ ಮೊದಲಿರಬೇಕು. ಭಟ್ಟರಿಗೆ ವಿವರ ಹೇಳಲಿಲ್ಲ. "ನಮ್ಮವರೇ ಮೊದಲು ಹೋಗಿ ಮಾತಾಡಬೇಕಾ, ಕೇಳಿ" ಎಂದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಲದ ಎಸಳು ಬಿತ್ತು.

ಪ್ರಸಾದವಾದದ್ದನ್ನು ಕೆಲಸ ಆಗುವ ತನಕ ಮನೆಯವರಿಗಲ್ಲದೆ ಹೊರಗೆ ಬಾಯಿಬಿಡಬಾರದು. ಬಿಟ್ಟರೆ ಫಲವಿಲ್ಲ. ಹಾಗಾಗಿ ನಾನು ಹೊನ್ನಾವರಕ್ಕೆ, ಮಾಧವಣ್ಣನ ಹೆಂಡತಿ ಸುಮಿತ್ರಕ್ಕನಿಗೆ ಫೋನು ಮಾಡಲಿಲ್ಲ. ಸುಮಿತ್ರಕ್ಕನೂ ನನ್ನ ಹಾಗೆಯೇ ನೇಮನಿಷ್ಠೆಯ ಹೆಂಗಸು. ಆಮೇಲೆ ತಿಳಿದದ್ದು, ಅವಳೂ ಅದೇ ವಾರ ಅವರೂರಿನ ದೇವಸ್ಥಾನದಲ್ಲಿ, ತನ್ನ ಗಂಡನೇ ಮೊದಲು ಹೋಗಬೇಕಾ ಎಂದು ಕೇಳಿದ್ದಳು. ಅವಳಿಗೂ ಬಲದ್ದೇ ಬಿದ್ದಿತ್ತು. ಅವಳೂ ಬಾಯಿಬಿಡಲಿಲ್ಲ.

ಪ್ರಸಾದದ ಸುದ್ದಿ ಹೇಳಿದಾಗ ನಮ್ಮವರು ಮೊದಲು, "ಎರಡು ಎಸಳು, ಒಂದು ಬೀಳ್ಲೇಬೇಕು. ಅದರಲ್ಲಿ ದೇವಿಯದೆಂತ ಬಂತು?" ಎಂದು ಗೊಣಗಿದರು. ಆದರೆ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೆಗೆದದ್ದು ನೋಡಿದೆ. ಹತ್ತೂವರೆಗೆ ಹೊನ್ನಾವರದ ಬಸ್ಸು ಹತ್ತಿದರು. ಅದೇ ಹೊತ್ತಿಗೆ ಮಾಧವಣ್ಣ ಅಲ್ಲಿಂದ ಕುಮಟೆಯ ಬಸ್ಸು ಹತ್ತಿದರು. ದಾರಿಯಲ್ಲೆಲ್ಲೋ ಆ ಎರಡು ಬಸ್ಸು ಒಂದಕ್ಕೊಂದು ಹಾರ್ನ್ ಹೊಡೆದು ದಾಟಿಹೋಗಿರಬೇಕು. ಗ್ರಹದಿಂದ ಗ್ರಹಕ್ಕೆ ಲೆಕ್ಕ ತಪ್ಪದೆ ಹೋಗುವವರ ಬಗ್ಗೆ ಮೂವತ್ತು ವರ್ಷ ಮಾತಾಡಿದವರು!

ನಾನು ಅಡಿಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದೆ. ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಆಮೇಲೆ ಜಗಲಿಯಲ್ಲಿ ಮಾತು ಕೇಳಿತು. ಬಾಗಿಲಿಗೆ ಬಂದು ನೋಡಿದರೆ ಮಾಧವಣ್ಣ. ಬಿಸಿಲಿನಿಂದ ಬಂದವರು ಜಗಲಿಯ ನೆರಳಿನಲ್ಲಿ ಗೋಡೆ ಹಿಡಿದು ನಿಂತಿದ್ದರು. ಎದುರಿಗೆ ನಮ್ಮವರ ಕುರ್ಚಿ. ಕುರ್ಚಿಯ ಬೆನ್ನಿಗೆ ನಾನು ಒಣಗಲೆಂದು ಹಾಕಿದ್ದ ಅವರ ನೀಲಿ ಅಂಗಿ.

"ಗಣಪತೀ," ಎಂದರು ಮಾಧವಣ್ಣ ಆ ಅಂಗಿಗೆ, "ತಪ್ಪಾತು ಮಾರಾಯಾ. ಸಿಟ್ಟು ಇದ್ರೆ ಬೈಯಿ, ಹೀಂಗೆ ಸುಮ್ಮನೆ ಕೂರಬೇಡ."

ನನ್ನ ಕೈಯಲ್ಲಿದ್ದ ಬೀಜ ಕೆಳಗೆ ಬಿತ್ತು. ಅವರು ಸದ್ದು ಬಂದ ಕಡೆ ತಿರುಗಿದರು. ನನ್ನನ್ನು ನೋಡಿದರು ಎನ್ನಲಾರೆ, ತಿರುಗಿದರು ಅಷ್ಟೆ.

"ಮಾಧವಣ್ಣ, ಅವರು ಮನೆಯಲ್ಲಿಲ್ಲ. ನಿಮ್ಮಲ್ಲಿಗೇ ಹೋಗಿದ್ದಾರೆ" ಎಂದೆ.

ಅವರು ಕೈಚಾಚಿ ಅಂಗಿಯನ್ನು ಮುಟ್ಟಿದರು. ತೋಳನ್ನು ಹಿಡಿದು ನೋಡಿದರು. ಆಮೇಲೆ ತಡವರಿಸಿ ತಮ್ಮ ಹಳೆಯ ಬೆತ್ತದ ಕುರ್ಚಿಯಲ್ಲಿ ಕೂತು ನಕ್ಕರು. ಅಂಥ ನಗುವನ್ನು ನಾನು ಸೂತಕದ ಮನೆಯಲ್ಲಿ ಮಾತ್ರ ಕೇಳಿದ್ದೇನೆ. "ನಂಗೂ ಅನ್ನಿಸ್ತು ಅತ್ತಿಗೆ, ಇಷ್ಟು ಹೊತ್ತು ಮಾತಾಡದೇ ಕೂರೂ ಮನುಷ್ಯ ಅಲ್ಲ ಅವ" ಎಂದರು.

ನೀರು ಬೆಲ್ಲ ಕೊಟ್ಟೆ. ಲೋಟವನ್ನು ಕೈಗೇ ಹಿಡಿಸಬೇಕಾಯಿತು. ಕುಡಿದ ಮೇಲೆ ತಾವಾಗಿಯೇ ಹೇಳಿದರು. ಕಣ್ಣಿನ ನರ ಒಣಗುತ್ತಾ ಬಂದಿದೆಯಂತೆ. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿದರೆ ಪುಣ್ಯ ಎಂದು ಡಾಕ್ಟರು ಹೇಳಿದ್ದಾರಂತೆ. ಕಂಡಕ್ಟರನಿಗೆ ಹೇಳಿ ಸುಮಿತ್ರಕ್ಕನೇ ಬಸ್ಸು ಹತ್ತಿಸಿದ್ದಳಂತೆ. "ಆ ಸಿನಿಮಾ ಹಾಕ್ದೆ ಅತ್ತಿಗೆ. ಬಾಹ್ಯಾಕಾಶ ಕಪ್ಪು ಅಂತ ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೇನೆ. ಇಷ್ಟು ಕಪ್ಪು ಅಂತ ಗೊತ್ತಿರ್ಲಿಲ್ಲ. ಬರೇ ಢಮಾರ್ ಢಮಾರ್ ಕೇಳ್ತು."

"ಅದನ್ನೇ ಇವರಿಗೆ ಹೇಳಿದ್ರೆ ಆಗ್ತಿತ್ತಲ್ಲ?"

"ಹೇಳಿದ್ರೆ ಅವ ಸೋಲ್ತಾನೆ. ಬೇಕಂತಲೇ ಸೋಲ್ತಾನೆ. 'ಹೌದು ಮಾಧವ, ನಿನ್ನ ಗ್ರಹವೇ ಚಲೋದು' ಅಂತಾನೆ. ಅವನ ಗುಣ ನಿಮಗೆ ಗೊತ್ತಿಲ್ವಾ? ಸುಮಿತ್ರ ಈಗ ನಾ ಹೇಳಿದ್ದಕ್ಕೆಲ್ಲ ಹೌದು ಅಂತಾಳೆ. ಮಗಳೂ ಹೌದು ಅಂತಾಳೆ. ಜಗಳ ಮಾಡೂಕೆ ಉಳದವ ಅವ ಒಬ್ಬನೇ." ಖಾಲಿ ಲೋಟ ಕೆಳಗಿಟ್ಟು, "ತುಳಸಿ ಮೇಲೆ ಆಣೆ ಮಾಡಿ ಅತ್ತಿಗೆ, ಅವಂಗೆ ಹೇಳೂದಿಲ್ಲ ಅಂತ" ಎಂದರು.

ಆಣೆ ಮಾಡಲಾರೆ ಎಂದೆ. ಆದರೆ ಬಾಯಿಬಿಡುವುದಿಲ್ಲ ಎಂದೆ. ಅವರ ಚೀಲದಲ್ಲಿ ದಪ್ಪದೊಂದು ಹೊಸ ಪುಸ್ತಕವಿತ್ತು. ಉಪ್ಪಿನ ಗ್ರಹದ ಐದನೆಯ, ಕೊನೆಯ ಸಂಪುಟ. ಎಷ್ಟೋ ವರ್ಷದಿಂದ ಕಾಯುತ್ತಿದ್ದದ್ದು ಈಗ ಬಂದಿತ್ತು. ಹೊದಿಕೆಯ ಹೊಳಪು ಹೋಗಿರಲಿಲ್ಲ. ಅವರು ಅದರ ಮೇಲೆ ಕೈಯಿಟ್ಟುಕೊಂಡು ಕೂತರು, ಜ್ವರ ಬಂದ ಮಗುವಿನ ಹಣೆ ಮೇಲೆ ಇಡುತ್ತಾರಲ್ಲ, ಹಾಗೆ.

ನಮ್ಮವರು ಮರಳಿ ಬಂದಾಗ ಮಧ್ಯಾಹ್ನ ಎರಡು ಗಂಟೆ. ಗೇಟಿನಿಂದಲೇ, "ಏನೋ ಮಾಧವ, ನಿನ್ನ ಮನೆಗೆ ಹೋದ್ರೆ ನೀ ಇಲ್ಲಿ ಬಂದು ನನ್ನ ಊಟ ಹೊಡೀತಾ ಇದ್ದೀಯ" ಎಂದು ಕೂಗಿದರು. ಸ್ವರ ಸರಿಯಾಗಿತ್ತು. ಮುಖ ಸರಿಯಿರಲಿಲ್ಲ. ಸುಮಿತ್ರಕ್ಕ ಹೇಳಿದ್ದಾಳೆ ಎಂದು ನನಗೆ ಆಗಲೇ ತಿಳಿಯಿತು. ಒಳಗೆ ಬಂದು ಕೈಕಾಲು ತೊಳೆಯುವಾಗ ಬಚ್ಚಲಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೀರಿನ ಸದ್ದಾಯಿತು. ಇವರ ಆ ಮುಖ ಕಂಡವಳು ನಾನೊಬ್ಬಳು. ಮಾಧವಣ್ಣನಿಗೆ ನಮ್ಮ ಮುಖ ಕಾಣುವುದಿಲ್ಲ. ಅದನ್ನೂ ದೇವಿಯ ದಯೆ ಎಂದುಕೊಂಡೆ. ಅಂಥ ದಯೆಗೆ ಕೈಮುಗಿಯಲು ಮನಸ್ಸು ಬರಲಿಲ್ಲ, ಆದರೂ ಮುಗಿದೆ.

ಮರುದಿನ ಜಗಲಿಗೆ ದೊಡ್ಡದೊಂದು ಬಲ್ಬು ಬಂತು. "ಅಂಗಡಿಯಲ್ಲಿ ಬಿದ್ದಿತ್ತು" ಎಂದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮನೆಯಲ್ಲಿ ಇಬ್ಬರೇ ಇದ್ದೂ ಒಂದೇ ಗುಟ್ಟನ್ನು ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ವಾರ ಕಳೆದೆವು.

ಭಾನುವಾರ ಮಾಧವಣ್ಣ ಬಂದು ಕೂತ ಕೂಡಲೇ ನಮ್ಮವರು ಅವರ ಚೀಲದಿಂದ ಆ ಪುಸ್ತಕ ಕಸಿದುಕೊಂಡರು. "ಒಂದೊಂದು ಪುಟವನ್ನೂ ನಿನ್ನ ಎದುರೇ ಗಟ್ಟಿಯಾಗಿ ಓದ್ತೇನೆ. ಎಷ್ಟು ದಂಡದ ಪುಸ್ತಕ ಅಂತ ನೀನೇ ಕೇಳು. ನಡುವೆ ಎದ್ದು ಹೋಗೂ ಹಾಗಿಲ್ಲ" ಎಂದರು. ಕರೆಂಟಿನ ಕೆಲಸ ಬಿಟ್ಟು ಬೇರೇನೂ ಬಾರದು ಎಂದು ಮೂವತ್ತೈದು ವರ್ಷ ನಾನು ಅಂದುಕೊಂಡಿದ್ದ ಮನುಷ್ಯ. ನಾನು ಬಾಣಲೆ ಕೆಳಗಿಳಿಸಿ ಸೆರಗಿನಿಂದ ಮುಖ ಒರೆಸಿಕೊಂಡೆ.

ಓದು ಶುರುವಾಯಿತು. ನಮ್ಮವರ ಇಂಗ್ಲಿಷ್ ಎಂದರೆ ಕಲ್ಲು ತುಂಬಿದ ಲಾರಿ ಘಾಟಿ ಹತ್ತಿದ ಹಾಗೆ. ಮಾಧವಣ್ಣ ಸಾಲಿಗೆ ಮೂರು ಕಡೆ ತಿದ್ದುತ್ತಿದ್ದರು. ಇವರು ಪುಟಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳಿ, ಬೈದು, ಮುಂದೆ ಹೋಗುತ್ತಿದ್ದರು. ಕನ್ನಡದಲ್ಲಿ ಹೇಳುತ್ತಿದ್ದದ್ದು ಯಾರಿಗೆ? ಮಾಧವಣ್ಣನಿಗೆ ಬೇಕಿರಲಿಲ್ಲ. ನಾನು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ತೊಂಡೆಕಾಯಿ ಹೆಚ್ಚುತ್ತಿದ್ದೆ. ಮೂರನೆಯ ವಾರಕ್ಕೆ ಹೆಚ್ಚುವುದನ್ನು ಮರೆತು ಕೂರತೊಡಗಿದ್ದೆ.

ನಾಲ್ಕನೆಯ ವಾರ ಎಡವಟ್ಟಾಯಿತು. ಆ ಮನೆಯ ಮುದುಕಿ, ನೀರಿಗೆ ಹೋದವಳ ತಾಯಿ, ದಿನಾ ಸಂಜೆ ಖಾಲಿ ಕೊಡಪಾನವನ್ನು ತೊಳೆದಿಡುತ್ತಾಳಂತೆ. ತೊಳೆಯಲು ನೀರಿಲ್ಲ, ಉಪ್ಪಿನಿಂದಲೇ ತಿಕ್ಕಿಡುತ್ತಾಳೆ. ಮಗಳು ಬಂದಾಗ ಪಾತ್ರೆ ಚೊಕ್ಕ ಇರಬೇಕಲ್ಲ. ಅಷ್ಟು ಓದಿ ನಮ್ಮವರು ನಿಲ್ಲಿಸಿದರು. ಬೈಗುಳ ಬರಲಿಲ್ಲ. "ಇದು ಚಲೋ ಇದೆ ಮಾರಾಯಾ" ಎಂದರು.

ಮಾಧವಣ್ಣನ ಮುಖ ಇಳಿಯಿತು. ತುಂಬ ಮೆಲ್ಲಗೆ, "ಗಣಪತೀ, ನಿಂಗೆ ಗೊತ್ತಾಗಿದೆ. ಅಲ್ಲ?" ಎಂದರು.

ನಮ್ಮವರು ನನ್ನ ಕಡೆ ನೋಡಿದರು. ಮೂವತ್ತು ವರ್ಷದ ಒಂದು ಗಂಟು ಬಿಚ್ಚಿಹೋಗುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಹತ್ತಿರ ವಿಜ್ಞಾನವಿಲ್ಲ, ಇಂಗ್ಲಿಷಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಎಂತ ಚಲೋದು ಮಣ್ಣು? ಉಪ್ಪಿಂದ ತಿಕ್ಕಿದ್ರೆ ತಾಮ್ರದ ಕೊಡಪಾನ ಎರಡು ತಿಂಗ್ಳಲ್ಲಿ ತೂತು ಬೀಳ್ತದೆ! ಒಂದು ಹುಳಿ ಇಲ್ಲ, ಬೂದಿ ಇಲ್ಲ. ಮಗಳು ನೀರು ತಂದ್ರೂ ತುಂಬೂದು ಎಲ್ಲಿ? ಪಾತ್ರೆ ತೊಳೆದು ಗೊತ್ತಿಲ್ಲದವ ಬರೆದ ಪುಸ್ತಕ ಅದು. ಇನ್ನು ಇವರ ಹಡಗಿಗೆ ಒಂದು ಅಡಿಗೆಮನೆಯೇ ಇಲ್ಲ. ಒಂಬತ್ತು ಸಿನಿಮಾ ಉಪವಾಸ. ಎರಡೂ ಒಂದೇ, ಮೂಟೆ ಕಟ್ಟಿ ಇಡಿ!"

ಮಾಧವಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ತಾಮ್ರ ಅಂತ ಯಾರು ಹೇಳಿದ್ರು ಅತ್ತಿಗೆ? ಆ ಗ್ರಹದಲ್ಲಿ ತಾಮ್ರ ಇಲ್ಲ. ಎರಡನೇ ಸಂಪುಟದಲ್ಲಿ ಸ್ಪಷ್ಟ ಇದೆ, ಅದು ಕಲ್ಲಿನ ಪಾತ್ರೆ!" ನಮ್ಮವರು ಕೂಡಲೇ, "ಕಲ್ಲಿನ ಕೊಡಪಾನ ಹೊತ್ಕಂಡು ಗ್ರಹ ಸುತ್ತೂಕೆ ಹೋದ್ಲಾ ಅವಳು? ಏ, ಇದು ನಿನ್ನ ವಿಜ್ಞಾನನಾ?" ಎಂದು ಮೇಲೆ ಬಿದ್ದರು. ನಾನು ಮೆಲ್ಲಗೆ ಎದ್ದು ಒಳಗೆ ಬಂದೆ. ತೊಂಡೆಕಾಯಿಯ ಜೊತೆ ಬೆರಳನ್ನೂ ಸ್ವಲ್ಪ ಹೆಚ್ಚಿಕೊಂಡಿದ್ದೆ. ಉಪ್ಪು ತಾಗಿ ಉರಿಯಿತು.

ಸಂಜೆ ಮಾಧವಣ್ಣನನ್ನು ಬಸ್ಸು ಹತ್ತಿಸಿ ಬಂದ ಮೇಲೆ ನಮ್ಮವರು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತರು. "ಅದು ಕರುಣೆಯಿಂದ ಹೇಳಿದ್ದಲ್ಲ, ಶಾಂತಾ. ನಿಜಕ್ಕೂ ಚಲೋ ಇತ್ತು. ಈಗ ಅದನ್ನ ಅವಂಗೆ ಯಾವತ್ತೂ ಹೇಳೂಕೆ ಬರೂದಿಲ್ಲ, ನೋಡು" ಎಂದರು. ಮೂವತ್ತು ವರ್ಷದ ಮೇಲೆ ಮನುಷ್ಯ ಎದುರಾಳಿಯ ಪುಸ್ತಕವನ್ನು ಮೆಚ್ಚಿದ್ದಾನೆ, ಮೆಚ್ಚಿದೆ ಎನ್ನುವ ಹಾಗಿಲ್ಲ. ನಾನು ಒಂದು ಬನ್ಸ್ ಕೊಟ್ಟೆ. ಬೇರೆ ಏನು ಕೊಡಲಿ?

ಈಗ ಪುಸ್ತಕ ಅರ್ಧ ದಾಟಿದೆ. ಮಾಧವಣ್ಣ ಗೇಟಿನಿಂದ ಜಗಲಿಗೆ ಬರುವ ಹೆಜ್ಜೆ ವಾರ ವಾರ ನಿಧಾನವಾಗುತ್ತಿದೆ. ಹೋದ ವಾರ ಆ ದೊಡ್ಡ ಬಲ್ಬು ಉರಿಯುತ್ತಿದ್ದಾಗಲೇ, "ಕರೆಂಟ್ ಹೋಗಿದೆಯಾ?" ಎಂದು ಕೇಳಿದರು. ನಮ್ಮವರು, "ಹ್ಞಾಂ, ಹೋಗಿದೆ. ಈ ಇಲಾಖೆಯವರನ್ನ ಕಟ್ಕಂಡು ಸಾಕಾತು" ಎಂದು ಆ ಬೆಳಕಿನಲ್ಲೇ ಓದು ಮುಂದುವರಿಸಿದರು.

ಮರುದಿನ ಬೆಳಿಗ್ಗೆಯೇ ಮಿಂದು ದೇವಸ್ಥಾನಕ್ಕೆ ಹೋದೆ. ಮಾಧವಣ್ಣನ ಕಣ್ಣು ಉಳಿಯುತ್ತದೆಯೇ ಎಂದು ಕೇಳಲು ಹೋದದ್ದು. ಭಟ್ಟರು ಎಸಳು ಅಂಟಿಸಿ, "ಹೇಳಿ ಶಾಂತಕ್ಕ, ಎಂತ ಕೇಳ್ಲಿ?" ಎಂದರು. ಎಡದ ಎಸಳಿನ ತುದಿಯಲ್ಲಿ ಒಂದು ಹನಿ ನೀರು ನಿಂತಿತ್ತು. ಅದು ಜಾರುವುದನ್ನು ನೋಡಿದೆ. ಎಡದ್ದೇ ಮೊದಲು ಬಿದ್ದರೆ? "ಆ ಅಕ್ಕ ನೀರು ತಕ್ಕಂಡು ಮನೆಗೆ ಮುಟ್ತಾಳಾ, ಅದನ್ನು ಕೇಳಿ" ಎಂದುಬಿಟ್ಟೆ.

"ಯಾವ ಅಕ್ಕ?"

"ದೂರದವಳು, ಒಂದು ಮನೆಯ ದೊಡ್ಡ ಮಗಳು. ತಾಯಿ ದಾರಿ ಕಾಯ್ತಾ ಇದ್ದಾಳೆ. ಮನೆ ಬಿಟ್ಟು ಹೋಗಿ ಬಹಳ ವರ್ಷ ಆಯ್ತು."

ಭಟ್ಟರು ಒಳ್ಳೆಯವರು. ಮರುಮಾತಿಲ್ಲದೆ ಕೈಮುಗಿದು, ಮನೆ ಬಿಟ್ಟು ಹೋದ ದೊಡ್ಡ ಮಗಳು ನೀರು ಸಮೇತ ಸುಖವಾಗಿ ತಾಯಿಯ ಹತ್ತಿರ ಬರುವಳೋ, ಹೌದಾದರೆ ಬಲಕ್ಕೆ ಅಪ್ಪಣೆ ಕೊಡು ತಾಯೀ ಎಂದು ಗಟ್ಟಿಯಾಗಿ ಬೇಡಿಕೊಂಡರು. ಗಂಟೆ ಬಾರಿಸಿದರು. ಬಲದ್ದು ಬಿತ್ತು. "ಬರ್ತಾಳೆ, ಹೆದರಬೇಡಿ. ತಾಯಿಗೆ ಸಮಾಧಾನ ಹೇಳಿ" ಎಂದು ಎಸಳನ್ನು ನನ್ನ ಅಂಗೈಗೆ ಹಾಕಿದರು. ಇನ್ನೂ ಹುಟ್ಟದವಳೊಬ್ಬಳಿಗಾಗಿ ನಾನು ಅಲ್ಲಿಯೇ ನಿಂತು ಅತ್ತೆ.

ಹೀಗಾಗಿ ಆ ಪುಸ್ತಕದ ಕೊನೆ ನಮ್ಮ ಮೂವರಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ಅವಳು ಬರುತ್ತಾಳೆಂದು ಮಾಧವಣ್ಣ, ಬರುವುದಿಲ್ಲವೆಂದು ನಮ್ಮವರು, ಭಾನುವಾರ ಪೂರ್ತಿ ಹೊಡೆದಾಡುತ್ತಾರೆ. ನಾನು ಬನ್ಸ್ ಕರಿಯುತ್ತ ಸುಮ್ಮನಿರುತ್ತೇನೆ. ಪ್ರಸಾದವಾದದ್ದನ್ನು ಕೆಲಸ ಆಗುವ ತನಕ ಬಾಯಿಬಿಡಬಾರದಲ್ಲ. ಕೇಳಲೆಂದು ಹೋದ ಇನ್ನೊಂದು ಪ್ರಶ್ನೆ ಮಾತ್ರ ಹೋದ ಹಾಗೆಯೇ ಸೆರಗಿನ ಗಂಟಿನಲ್ಲಿ ಮನೆಗೆ ಬಂದಿದೆ. ದೇವಿಗೆ ಅದರ ಉತ್ತರ ಗೊತ್ತಿರಬೇಕು. ನಾನು ಕೇಳುತ್ತಿಲ್ಲ, ಅವಳು ಹೇಳುತ್ತಿಲ್ಲ. ಸದ್ಯಕ್ಕೆ ಅವಳು ಮಾಡಿದ ದೊಡ್ಡ ಉಪಕಾರ ಅದೇ.